ಹಿಮದ ನಾಡಿನ ಹಳೆ ಮನೆ, ಅಂಗಳದ ಕಟ್ಟಿಗೆ ಒಲೆ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಹತ್ತು ವರ್ಷ ನ್ಯೂಜೆರ್ಸಿಯ ಅಪಾರ್ಟ್‌ಮೆಂಟಿನಲ್ಲಿದ್ದು, ಕಳೆದ ಬೇಸಿಗೆಯಲ್ಲಿ ನ್ಯೂಯಾರ್ಕ್ ರಾಜ್ಯದ ಆಟ್ಸೀಗೊ ಕೌಂಟಿಯಲ್ಲಿ 1870ರ ದಶಕದ ಒಂದು ರೈತರ ಮನೆಯನ್ನು 20 ಎಕರೆ ಕಾಡಿನ ಸಮೇತ ಕೊಂಡೆವು. ಮನೆಯಿಂದ 120 ಅಡಿ ದೂರದಲ್ಲಿ ಹಿಂದಿನವರು 2006ರಲ್ಲಿ ಕೂರಿಸಿದ ಕಟ್ಟಿಗೆ ಒಲೆ ಇದೆ. ಅದರಲ್ಲಿ ಕಾದ ನೀರು ನೆಲದಡಿಯ ಪೈಪಿನಲ್ಲಿ ಬಂದು, ನೆಲಮಾಳಿಗೆಯಲ್ಲಿ ಎಣ್ಣೆ ಉರಿಸಿ ಮನೆ ಕಾಯಿಸುವ ಫರ್ನೇಸಿನ ಮೇಲಿರುವ ಕಾಯಿಲ್ (ರೆಕ್ಕೆಗಳಿರುವ ಕೊಳವೆಯ ಸುರುಳಿ) ಮೂಲಕ ಮನೆಯ ಗಾಳಿಯನ್ನು ಬಿಸಿ ಮಾಡುತ್ತದೆ. ಆಗಸ್ಟಿನಲ್ಲಿ ಕಡಿಸಿದ ಓಕ್ ಮತ್ತು ಮೇಪಲ್ ಉರಿಸುತ್ತಿದ್ದೇವೆ. ಜನವರಿ ಮುಗಿಯುವಷ್ಟರಲ್ಲಿ 11 ಕಾರ್ಡ್ (ಇಲ್ಲಿನ ಸೌದೆಯ ಅಳತೆ, ಒಂದಕ್ಕೆ 128 ಘನ ಅಡಿ) ಖರ್ಚಾಗಿದೆ. ಹಗಲೂ ರಾತ್ರಿ ಹೊಗೆ. ಪಕ್ಕದ ಮನೆಯವರು ಬಂದು ಹೇಳಿ ಹೋದರು. ಒಲೆಯ ಬಾಗಿಲಿನಿಂದ ಡಾಂಬರಿನಂಥ ಕಪ್ಪು ರಸ ಸೋರುತ್ತದೆ. ಒಲೆಯ ಮೀಟರ್ 180 ಡಿಗ್ರಿ ತೋರಿಸಿದರೂ ಬೆಳಗಿನ ಜಾವ ಮನೆಯೊಳಗೆ 58. ಒಲೆಯಿಂದ ಮನೆಯವರೆಗೆ ಉದ್ದಕ್ಕೂ ಹಿಮ ಕರಗಿ ಹುಲ್ಲು ಕಾಣುತ್ತದೆ. ಹೋದ ವಾರ ನೆಲಮಾಳಿಗೆಯ ನೀರಿನ ಪೈಪ್ ಹೆಪ್ಪುಗಟ್ಟಿತು. ಒಲೆ ಸಾಲದು, ಇದರ ಒಂದೂವರೆಪಟ್ಟು ದೊಡ್ಡದನ್ನು ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಿಸಬೇಕೇ? ಮುಂದಿನ ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಹೋಗಬೇಕೆಂದಿದ್ದೇವೆ, ಒಲೆಯನ್ನು ಏನು ಮಾಡುವುದು?

ಉತ್ತರ: ಹಾಕಿಸಬೇಡಿ. ಒಲೆ ಚಿಕ್ಕದಾಯಿತು ಎನ್ನುವ ಲಕ್ಷಣ ನಿಮ್ಮ ಪತ್ರದಲ್ಲಿ ಒಂದೂ ಇಲ್ಲ. ಒಲೆ ಸಾಲದೆ ಹೋದರೆ ನೀರು 180ಕ್ಕೆ ಏರುವುದೇ ಇಲ್ಲ. 150ಕ್ಕೋ 140ಕ್ಕೋ ಬಂದು ಅಲ್ಲೇ ನಿಲ್ಲುತ್ತದೆ. ನಿಮ್ಮಲ್ಲಿ ನೀರು ಕಾಯುತ್ತಿದೆ, ಕಾದ ಬಿಸಿ ನೀವು ಮಲಗುವ ಕೋಣೆಗೆ ಬರುತ್ತಿಲ್ಲ. ಹಸಿ ಕಟ್ಟಿಗೆಯಲ್ಲಿ ಒಂದಿಷ್ಟು, ಒಲೆ ಉರಿಯದೆ ಬರಿದೇ ಹೊಗೆಯಾಡುವ ಹೊತ್ತಿನಲ್ಲಿ ಒಂದಿಷ್ಟು, ನೆಲದಡಿಯ ಪೈಪಿನಲ್ಲಿ ಬಹಳಷ್ಟು, ಮನೆಯ ಸಂದುಗಳಲ್ಲಿ ಇನ್ನೊಂದಿಷ್ಟು ದಾರಿಯಲ್ಲೇ ಖರ್ಚಾಗುತ್ತಿದೆ. ದೊಡ್ಡ ಒಲೆ ತಂದರೆ ಈ ನಾಲ್ಕೂ ಹಾಗೆಯೇ ಉಳಿಯುತ್ತವೆ, ಎರಡನೆಯದಂತೂ ಈಗಿನದಕ್ಕಿಂತ ಹದಗೆಡುತ್ತದೆ. ವರ್ಮಾಂಟಿನಲ್ಲಿ ಬಿಸಿನೀರಿನ ತಾಪನ ವ್ಯವಸ್ಥೆ ಕೂರಿಸುವ, ರಿಪೇರಿ ಮಾಡುವ ಕಸುಬಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಳಿಗಾಲ ಕಳೆದಿದ್ದೇನೆ. ನಿಮ್ಮಂಥದೇ ಕಷ್ಟದಲ್ಲಿ ಒಲೆ ಬದಲಿಸಿದ ಮನೆಗಳನ್ನೂ ನೋಡಿದ್ದೇನೆ, ಕಟ್ಟಿಗೆಯನ್ನೂ ಪೈಪನ್ನೂ ಬದಲಿಸಿದ ಮನೆಗಳನ್ನೂ ನೋಡಿದ್ದೇನೆ. ಬೆಚ್ಚಗಿರುವುದು ಎರಡನೆಯವರು.

(ನಾನು ಹೇಳುವ ಡಿಗ್ರಿಗಳೆಲ್ಲ ಫ್ಯಾರನ್‌ಹೀಟ್. 180 ಎಂದರೆ 82 ಸೆಲ್ಸಿಯಸ್, 58 ಎಂದರೆ 14.)

ನಿಮ್ಮೂರ ಬಚ್ಚಲುಮನೆಯ ಹಂಡೆ ಗೊತ್ತಿರುವವರಿಗೆ ಈ ಒಲೆ ಹೊಸದೇನಲ್ಲ. ಅಲ್ಲಿ ತಾಮ್ರದ ಹಂಡೆಯ ಕೆಳಗೆ ಬೆಂಕಿ. ಇಲ್ಲಿ ಬೆಂಕಿಯ ಗೂಡಿನ ಸುತ್ತಲೂ, ಮೇಲೂ ಪಕ್ಕಕ್ಕೂ, ನೂರಾರು ಗ್ಯಾಲನ್ ನೀರು. ಹಂಡೆಯಿಂದ ಚೊಂಬಿನಲ್ಲಿ ತೋಡಿಕೊಳ್ಳುತ್ತಿದ್ದ ನೀರನ್ನು ಇಲ್ಲಿ ಪಂಪು ಮನೆಗೆ ತಳ್ಳಿ, ತಣಿದದ್ದನ್ನು ವಾಪಸ್ ತರುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಸರಿಯಾಗಿ ಗಮನಿಸಿ. ಹಂಡೆಯ ಒಲೆಗೆ ಬಾಯಿ ಸದಾ ತೆರೆದಿರುತ್ತದೆ, ಬೆಂಕಿ ಧಗಧಗ ಉರಿದು ಕೆಂಡವಾಗಿ ಮುಗಿಯುತ್ತದೆ. ಇಲ್ಲಿ ನೀರು 180 ಮುಟ್ಟಿದೊಡನೆ ಗಾಳಿಬಾಗಿಲು ಮುಚ್ಚಿಕೊಳ್ಳುತ್ತದೆ. ನೀರು ಹತ್ತು ಡಿಗ್ರಿಯಷ್ಟು ಇಳಿದ ಮೇಲೆ ಮತ್ತೆ ತೆರೆಯುತ್ತದೆ. ಮಧ್ಯದ ಹೊತ್ತಿನಲ್ಲಿ ಗೂಡಿನ ತುಂಬ ಕಟ್ಟಿಗೆ ಉಸಿರುಕಟ್ಟಿದ ಹಾಗೆ ಹೊಗೆಯಾಡುತ್ತ ಕೂತಿರುತ್ತದೆ. ಆ ಹೊಗೆಯೇ ನಿಮ್ಮ ಪಕ್ಕದ ಮನೆಗೆ ಹೋಗುತ್ತಿರುವುದು.

ಹೊಗೆ ಎಂದರೆ ಉರಿಯದೆ ಹೋದ ಕಟ್ಟಿಗೆ. ಮರ ಕಾದಾಗ ಅದರ ಶಾಖದ ಅರ್ಧಕ್ಕಿಂತ ಹೆಚ್ಚು ಪಾಲು ಮೊದಲು ಅನಿಲವಾಗಿ ಹೊರಬರುತ್ತದೆ. ಆ ಅನಿಲಕ್ಕೆ ಗಾಳಿಯ ಜೊತೆಗೆ ಸುಮಾರು 1,100 ಡಿಗ್ರಿ ಬಿಸಿಯೂ ಸಿಕ್ಕರೆ ಅದು ಹೊತ್ತಿಕೊಂಡು ಶಾಖ ಕೊಡುತ್ತದೆ. ಸಿಗದಿದ್ದರೆ ಹೊಗೆಯಾಗಿ ಚಿಮಣಿಯಿಂದ ಹೋಗುತ್ತದೆ, ಇಲ್ಲವೇ ಒಲೆಯ ಒಳಗೋಡೆಗೆ ತಾಗಿ ತಣಿದು ರಸವಾಗಿ ಇಳಿಯುತ್ತದೆ. ನಿಮ್ಮ ಒಲೆಯ ಗೋಡೆಯ ಆಚೆ ನೀರಿದೆ. ಒಳಗೆ ಎಷ್ಟೇ ಬೆಂಕಿಯಿದ್ದರೂ ಆ ಗೋಡೆ ನೀರಿಗಿಂತ ಬಹಳ ಬಿಸಿಯಾಗುವುದಿಲ್ಲ. ಬಾಗಿಲಿನಿಂದ ಸೋರುವ ಕಪ್ಪು ರಸ ಅದೇ, ಕ್ರಿಯೋಸೋಟ್. ಊರಿನ ಅಡುಗೆಮನೆಯ ಅಟ್ಟದಿಂದ ಜೋಲುವ ಇಲ್ಲಣದ ಹಸಿ ರೂಪ. ಇಲ್ಲಣಕ್ಕೆ ಬೆಂಕಿ ತಗುಲಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಚಿಮಣಿಯೊಳಗೆ ಕಟ್ಟಿದ್ದಕ್ಕೆ ತಗುಲಿದರೂ ಹಾಗೆಯೇ. ಈ ವಾರವೇ ಚಿಮಣಿಯ ಒಳಗನ್ನು ನೋಡಿಸಿ, ಕೆರೆಸಿ.

ಈಗ ಕಟ್ಟಿಗೆ. ಇದರ ಬಗ್ಗೆ ನಾನು ಉದ್ದವಾಗಿ ಬರೆಯುತ್ತೇನೆ, ಯಾಕೆಂದರೆ ಮಿಕ್ಕದ್ದೆಲ್ಲ ದುಡ್ಡು ಕೊಟ್ಟು ಮಾಡಿಸಬಹುದು, ಇದೊಂದನ್ನು ನೀವೇ ಕಲಿಯಬೇಕು. ಆಗಸ್ಟಿನಲ್ಲಿ ಕಡಿದ ಓಕ್ ಜನವರಿಯಲ್ಲಿ ಹಸಿಯೇ. ಓಕ್ ಒಣಗಲು ಇಲ್ಲಿನ ಹವೆಯಲ್ಲಿ ಎರಡು ಬೇಸಿಗೆ ಬೇಕು, ಅದೂ ಸೀಳಿ ಪೇರಿಸಿಟ್ಟರೆ. ಉದ್ದ ದಿಮ್ಮಿಯಾಗಿ ಬಿದ್ದಿದ್ದರೆ ಮೂರು ವರ್ಷವಾದರೂ ಒಳಗೆ ತೇವವೇ, ಯಾಕೆಂದರೆ ನೀರು ಹೊರಡುವುದು ಕೊಯ್ದ ತುದಿಯಿಂದ ಮತ್ತು ಸೀಳಿದ ಮೈಯಿಂದ. ತೊಗಟೆ ಅದನ್ನು ತಡೆದಿಡುತ್ತದೆ. ಹಸಿ ಓಕಿನ ಒಂದು ಕಾರ್ಡ್ ಒಣಗುವಷ್ಟರಲ್ಲಿ ಸಾವಿರ ಪೌಂಡಿಗೂ ಹೆಚ್ಚು ನೀರು ಕಳೆದುಕೊಳ್ಳುತ್ತದೆ, ಅಂದರೆ 450 ಲೀಟರಿಗೂ ಮೇಲೆ. ಅಷ್ಟು ನೀರನ್ನು ನೀವು ಈಗ ಪ್ರತಿ ಕಾರ್ಡಿನ ಜೊತೆ ಒಲೆಗೆ ಸುರಿಯುತ್ತಿದ್ದೀರಿ.

ಲೆಕ್ಕ ಹಾಕಿದರೆ ಒಂದು ವಿಚಿತ್ರ ಕಾಣುತ್ತದೆ. ಆ ನೀರನ್ನು ಆವಿ ಮಾಡಲು ಖರ್ಚಾಗುವ ಶಾಖ ಕಾರ್ಡಿನ ಒಟ್ಟು ಶಾಖದಲ್ಲಿ ಇಪ್ಪತ್ತರಲ್ಲೊಂದು ಪಾಲಿನಷ್ಟೇ. ಹಾಗಾದರೆ ಹಸಿ ಕಟ್ಟಿಗೆಯಿಂದ ಇಷ್ಟೊಂದು ನಷ್ಟ ಯಾಕೆ? ಆವಿಯಾಗುವ ನೀರು ಗೂಡಿನೊಳಗಿನ ಬಿಸಿಯನ್ನು ಇಳಿಸಿಬಿಡುತ್ತದೆ. ಹೊಗೆಯ ಅನಿಲ ಹೊತ್ತಿಕೊಳ್ಳುವ ಮಟ್ಟವನ್ನು ಬೆಂಕಿ ಮುಟ್ಟುವುದೇ ಇಲ್ಲ. ನೀರು ತಾನು ತಿನ್ನುವುದು ಸ್ವಲ್ಪ, ಉರಿಯಗೊಡದೆ ಹಾಳು ಮಾಡುವುದು ಬಹಳ.

ವರ್ಮಾಂಟಿಗೆ ಬಂದ ಮೊದಲ ವರ್ಷ ನನಗೂ ಇದೇ ಆಯಿತು. 'ಒಣಗಿದ್ದು' ಎಂದು ಮಾರಿದ ಏಳು ಕಾರ್ಡ್ ನಂಬಿ ಕೊಂಡೆ. ಹೊರಮೈ ಬೂದು ಬಣ್ಣಕ್ಕೆ ತಿರುಗಿತ್ತು, ತುದಿಯಲ್ಲಿ ಬಿರುಕೂ ಇತ್ತು. ಫೆಬ್ರವರಿಯಲ್ಲಿ ಚಿಮಣಿ ಅರ್ಧ ಕಟ್ಟಿಕೊಂಡು ಬೆಂಕಿ ಎಳೆಯುವುದೇ ನಿಂತಿತು. ಆಮೇಲೆ ತೇವ ಅಳೆಯುವ ಸಣ್ಣ ಮೀಟರ್ ತಂದು, ಒಂದು ತುಂಡನ್ನು ಮತ್ತೆ ಸೀಳಿ, ಒಳಮೈಗೆ ಸೂಜಿ ಚುಚ್ಚಿ ನೋಡಿದೆ: ನೂರಕ್ಕೆ 36. ಬೇಕಾದದ್ದು 20ರ ಒಳಗೆ. ಈ ಮೀಟರಿಗೆ ಮೂವತ್ತು ಡಾಲರಿನ ಆಸುಪಾಸು. ಹೊರಮೈಗೆ ಚುಚ್ಚಿದರೆ ಅದು ಸುಳ್ಳು ಹೇಳುತ್ತದೆ, ತುದಿಗೆ ಚುಚ್ಚಿದರೂ ಅಷ್ಟೇ. ಆಗತಾನೆ ಸೀಳಿದ ಮೈಯ ನಡುವಿಗೆ, ಎಳೆಯ ಉದ್ದಕ್ಕೆ ಚುಚ್ಚಬೇಕು. ಕಟ್ಟಿಗೆ ಮಾರುವವರ ಅಂಗಳದಲ್ಲೇ ಇದನ್ನು ಮಾಡಿ ನೋಡಿ. ಒಳ್ಳೆಯ ಮಾರಾಟಗಾರರು ಬೇಸರ ಮಾಡಿಕೊಳ್ಳುವುದಿಲ್ಲ.

ಕಾರ್ಡ್ ಎಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ರಾಶಿ, 128 ಘನ ಅಡಿ. 'ಫೇಸ್ ಕಾರ್ಡ್' ಎಂದು ಮಾರುವುದು ಬೇರೆ: ಎತ್ತರ ಉದ್ದ ಅಷ್ಟೇ ಇದ್ದರೂ ಅಗಲ ಒಂದು ತುಂಡಿನಷ್ಟು ಮಾತ್ರ, 16 ಅಂಗುಲದ ತುಂಡಾದರೆ ಕಾರ್ಡಿನ ಮೂರನೇ ಒಂದು ಪಾಲು. ಕೊಳ್ಳುವಾಗ ಯಾವುದೆಂದು ಬಾಯಿಬಿಟ್ಟು ಕೇಳಿ. ದೂರದಿಂದ ತರಿಸಬೇಡಿ. ಶಾಖದಲ್ಲಿ ಸಂಸ್ಕರಿಸದ ಸೌದೆಯನ್ನು ಹುಟ್ಟಿದ ಜಾಗದಿಂದ 50 ಮೈಲಿಗಿಂತ ಆಚೆ ಸಾಗಿಸುವುದು ನ್ಯೂಯಾರ್ಕ್ ರಾಜ್ಯದಲ್ಲಿ ನಿಷಿದ್ಧ. ಕಾರಣ ಒಂದು ಹಸಿರು ದುಂಬಿ, ಎಮರಾಲ್ಡ್ ಆಶ್ ಬೋರರ್. 2002ರಲ್ಲಿ ಮಿಷಿಗನ್ನಿನಲ್ಲಿ ಮೊದಲು ಪತ್ತೆಯಾದ ಅದು ಸೌದೆಯ ತೊಗಟೆಯಡಿ ಕೂತು ರಾಜ್ಯದಿಂದ ರಾಜ್ಯಕ್ಕೆ ಹೋಗಿ, ಆಶ್ ಮರಗಳನ್ನು ಕಾಡುಗಟ್ಟಲೆ ಒಣಗಿಸಿದೆ.

ನಿಮ್ಮ 20 ಎಕರೆಯಲ್ಲೂ ಒಣಗಿ ನಿಂತ ಆಶ್ ಮರಗಳು ಇದ್ದೇ ಇರುತ್ತವೆ, ಮತ್ತು ಉಳಿದ ಚಳಿಗಾಲವನ್ನು ದಾಟಿಸುವುದಕ್ಕೆ ಅವೇ ಒಳ್ಳೆಯ ಆಸರೆ. ಆಶ್ ಹಸಿಯಿದ್ದಾಗಲೂ ಓಕಿಗಿಂತ ತೇವ ಕಡಿಮೆ, ನಿಂತಲ್ಲೇ ಸತ್ತದ್ದಂತೂ ಬೇಗ ಉರಿಗೆ ಬರುತ್ತದೆ. ಆದರೆ ಅದನ್ನು ನೀವಾಗಿ ಉರುಳಿಸಲು ಹೋಗಬೇಡಿ. ಸತ್ತ ಆಶ್ ಗಾಜಿನಂತೆ ಪೆಡಸು. ಗರಗಸ ತಾಗಿದ ಅದುರಿಗೇ ಮೇಲಿನ ಕೊಂಬೆ ಮುರಿದು ತಲೆಗೆ ಬೀಳುತ್ತದೆ. ಅನುಭವವಿರುವ ಮರ ಕಡಿಯುವವರನ್ನು ಕರೆಸಿ. ಸಕ್ಕರೆ ಮೇಪಲ್‌ಗಳಲ್ಲಿ ದಪ್ಪ, ನೇರ, ತಲೆ ತುಂಬಿದ ಮರಗಳನ್ನು ಉಳಿಸಿಕೊಳ್ಳಿ, ಮಾರ್ಚಿನಲ್ಲಿ ಅವುಗಳ ರಸ ಇಳಿಸಿ, ಕಾಯಿಸಿ ಪಾಕ ಮಾಡಬಹುದು. ಯಾವ ಮರ ಕಡಿಯಬೇಕು, ಯಾವುದು ಬೇಡ ಎಂದು ಕಾಡಿನಲ್ಲೇ ನಡೆದು ತೋರಿಸಿಕೊಡುವ ಸ್ವಯಂಸೇವಕರನ್ನು ಕಾರ್ನೆಲ್ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ ಉಚಿತವಾಗಿ ಕಳಿಸುತ್ತದೆ; ನಿಮ್ಮ ಕೌಂಟಿಯ ಕಚೇರಿಯಲ್ಲಿ ಕೇಳಿ. ಸಾಮಾನ್ಯ ಆರೋಗ್ಯದ ಕಾಡು ಎಕರೆಗೆ ವರ್ಷಕ್ಕೆ ಅರ್ಧ ಕಾರ್ಡ್ ಬೆಳೆಯುತ್ತದೆ ಎಂದು ಹಿಡಿಯಿರಿ. ನಿಮ್ಮದಕ್ಕೆ ಹತ್ತು ಕಾರ್ಡ್. ಈಗಿನ ಹಾಗೆ ಉರಿಸಿದರೆ ನಿಮ್ಮ ಕಾಡು ಸಾಲದು. ನಾನು ಹೇಳುವ ಹಾಗೆ ಉರಿಸಿದರೆ ಸಾಕು.

ಮರದ ಮೇಲೆ ಹಬ್ಬಿದ ಬಳ್ಳಿಯ ಬಗ್ಗೆ ಒಂದು ಎಚ್ಚರಿಕೆ. ಕಾಂಡಕ್ಕೆ ಅಂಟಿಕೊಂಡು, ಮೈತುಂಬ ರೋಮದಂಥ ಬೇರುಗಳಿರುವ ಬಳ್ಳಿ ಕಂಡರೆ ಅದು ಪಾಯಿಸನ್ ಐವಿ. ನಿಮ್ಮ ಕಡೆಯ ಚೇರೆ ಮರದ ಹಾಲು ತಾಗಿದರೆ ಮೈ ಹೇಗೆ ಸುಟ್ಟುಕೊಂಡು ಗುಳ್ಳೆಯೇಳುತ್ತದೋ ಇದೂ ಹಾಗೆಯೇ, ಎರಡೂ ಗೇರು ಮಾವುಗಳ ಒಂದೇ ಕುಟುಂಬ. ಒಣಗಿದ ಮೇಲೂ ವಿಷ ಹೋಗುವುದಿಲ್ಲ. ಬಳ್ಳಿ ಸಮೇತ ಒಲೆಗೆ ಹಾಕಿದರೆ ಹೊಗೆಯ ಮೂಲಕ ಶ್ವಾಸಕೋಶಕ್ಕೇ ಹೋಗುತ್ತದೆ. ಕೈಗವಸು ಹಾಕಿಕೊಂಡು ಕಿತ್ತು ಕಾಡಿನಲ್ಲೇ ಬಿಡಿ.

ಪೇರಿಸುವುದು ನಿಮಗೆ ಹೇಳಿಕೊಡಬೇಕಾದ್ದಿಲ್ಲ. ಮುಂಗಾರಿಗೆ ಮೊದಲು ಕಟ್ಟಿಗೆ ಕೊಟ್ಟಿಗೆ ತುಂಬಿಸಿದ ಮನೆಯಿಂದ ಬಂದವರು. ಇಲ್ಲಿ ಬದಲಾಗುವುದು ಇಷ್ಟೇ: ನೆಲದಿಂದ ನಾಲ್ಕಾರು ಅಂಗುಲ ಎತ್ತರಿಸಿ, ಒಂದೇ ಸಾಲಾಗಿ, ಗಾಳಿ ಬಿಸಿಲು ಬೀಳುವ ಬಯಲಿನಲ್ಲಿ ಪೇರಿಸಿ. ತಲೆಯ ಮೇಲೆ ಮಾತ್ರ ತಗಡು ಹೊದಿಸಿ, ಪಕ್ಕಗಳನ್ನು ಬಿಟ್ಟುಬಿಡಿ. ಪೂರ್ತಿ ಟಾರ್ಪಾಲು ಸುತ್ತಿದರೆ ಒಳಗೆ ಬೆವರಿ ಅಣಬೆ ಏಳುತ್ತದೆ. ಈ ಮಾರ್ಚಿನೊಳಗೆ ಕಡಿಸಿ ಸೀಳಿಸಿದ ಆಶ್ ಮತ್ತು ಕೆಂಪು ಮೇಪಲ್ ಮುಂದಿನ ಚಳಿಗಾಲಕ್ಕೆ. ಓಕ್ ಅದರಾಚಿನ ಚಳಿಗಾಲಕ್ಕೆ. ಒಂದು ವರ್ಷ ಮುಂದಿರುವ ರಾಶಿ ಅಂಗಳದಲ್ಲಿ ನಿಂತ ದಿನ ನಿಮ್ಮ ಅರ್ಧ ಕಷ್ಟ ಮುಗಿಯಿತು.

ಒಲೆ ಉರಿಸುವ ರೀತಿಯನ್ನು ಇವತ್ತೇ ಬದಲಿಸಬಹುದು. ನೀವು ರಾತ್ರಿ ಗೂಡು ಗಂಟಲಮಟ್ಟ ತುಂಬಿಸುತ್ತೀರಿ ಅಂದುಕೊಂಡಿದ್ದೇನೆ, ಹೊಸಬರೆಲ್ಲ ಹಾಗೆಯೇ ಮಾಡುತ್ತಾರೆ. ತುಂಬಿಸಿದಷ್ಟೂ ಮುಚ್ಚಿಕೊಂಡು ಹೊಗೆಯಾಡುವ ಹೊತ್ತು ಹೆಚ್ಚುತ್ತದೆ. ಮುಂದಿನ ಹತ್ತು ಹನ್ನೆರಡು ಗಂಟೆಗೆ ಬೇಕಾದಷ್ಟನ್ನೇ ಹಾಕಿ. ಬೆಳಿಗ್ಗೆ ಬಾಗಿಲು ತೆರೆದಾಗ ಒಂದು ಹಾಸು ಕೆಂಡ ಉಳಿದಿದ್ದರೆ ಅಳತೆ ಸರಿಯಾಯಿತು. ಅರೆಬೆಂದ ಕೊಳ್ಳಿಗಳು ಉಳಿದಿದ್ದರೆ ಹೆಚ್ಚಾಯಿತು. ಹೊರಗೆ 40 ಡಿಗ್ರಿ ಇರುವ ಅಕ್ಟೋಬರ್, ಏಪ್ರಿಲ್ ದಿನಗಳಲ್ಲಿ ಈ ಒಲೆಯನ್ನು ಹೊತ್ತಿಸಲೇಬೇಡಿ, ಎಣ್ಣೆ ಫರ್ನೇಸ್ ಒಂದು ಗಂಟೆ ಓಡಿದರೆ ಸಾಕು. ಬೇಸಿಗೆಯಲ್ಲಿ ಸ್ನಾನದ ನೀರಿಗೆಂದು ಇದನ್ನು ಉರಿಸುವವರಿದ್ದಾರೆ. ಹಾಗೆ ಉರಿಸಿದ ಒಲೆ ದಿನದ ಬಹುಪಾಲು ಹೊಗೆಯನ್ನೇ ಕೊಡುತ್ತದೆ. ದೊಡ್ಡ ಒಲೆ ಬೇಡ ಎಂದು ನಾನು ಇಷ್ಟು ಗಟ್ಟಿಯಾಗಿ ಹೇಳುವುದೂ ಇದಕ್ಕೇ. ಮನೆಗೆ ಬೇಕಾದದ್ದು ಅಷ್ಟೇ ಇದ್ದು ಒಲೆ ದೊಡ್ಡದಾದರೆ, ಅದು ಬೇಗ 180 ಮುಟ್ಟಿ ಹೆಚ್ಚು ಹೊತ್ತು ಮುಚ್ಚಿಕೊಂಡು ಕೂರುತ್ತದೆ.

ಬಾಗಿಲು ತೆರೆಯುವಾಗ ಜೋಕೆ. ಮುಚ್ಚಿದ ಗೂಡಿನಲ್ಲಿ ಉರಿಯದ ಅನಿಲ ತುಂಬಿರುತ್ತದೆ, ಒಮ್ಮೆಲೇ ತೆರೆದರೆ ಗಾಳಿ ನುಗ್ಗಿ ಮುಖದ ಮೇಲೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಬಾಗಿಲನ್ನು ಒಂದಂಗುಲ ಸರಿಸಿ, ಪಕ್ಕಕ್ಕೆ ನಿಂತು, ಹೊಗೆ ಚಿಮಣಿಯತ್ತ ಎಳೆದುಕೊಳ್ಳುವವರೆಗೆ ಕಾಯಿರಿ. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಕ್ಕೇ ಹಾಕಿ, ಮನೆಗೂ ಕೊಟ್ಟಿಗೆಗೂ ದೂರ ಇಡಿ. ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ.

ಹಿಮ ಕರಗಿ ಹುಲ್ಲು ಕಾಣುವ ಆ ಪಟ್ಟಿಗೆ ಬರುತ್ತೇನೆ. ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಅದೇ. ನೀವು ಕಟ್ಟಿಗೆ ಕಡಿದು, ಸೀಳಿ, ಹೊತ್ತು, ಉರಿಸಿ ಹೊಲವನ್ನು ಬಿಸಿ ಮಾಡುತ್ತಿದ್ದೀರಿ. ನಿಮ್ಮ ಒಲೆ ಕೂರಿಸಿದ ಕಾಲದಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಪೈಪು ಹೀಗಿತ್ತು: ಸುಕ್ಕುಸುಕ್ಕಾದ ಕಪ್ಪು ಪ್ಲಾಸ್ಟಿಕ್ ಕೊಳವೆ, ಅದರೊಳಗೆ ಗುಳ್ಳೆ ಹಾಳೆ ಸುತ್ತಿದ ಎರಡು ಪೆಕ್ಸ್ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪ್. ಕೊಳವೆಯೊಳಗೆ ಎಲ್ಲಿಂದಲಾದರೂ ನೀರು ಸೇರಿತೋ, ಸುತ್ತಿದ ಹಾಳೆಗೆ ಬೆಲೆಯಿಲ್ಲ. ಬಿಸಿ ಪೈಪು ನೇರ ಕೆಸರಿನಲ್ಲಿ ಮಲಗಿದ ಹಾಗೆ.

ಎಷ್ಟು ಹೋಗುತ್ತಿದೆ ಎಂದು ನೀವೇ ಅಳೆಯಬಹುದು. ದೂರದಿಂದ ಶಾಖ ಅಳೆಯುವ ಇನ್‌ಫ್ರಾರೆಡ್ ಗನ್ ತನ್ನಿ. ಪೈಪು ಒಲೆಯಿಂದ ಹೊರಡುವಲ್ಲಿ, ಮನೆಗೆ ಬರುವಲ್ಲಿ, ಮನೆಯಿಂದ ಹೊರಡುವಲ್ಲಿ, ಒಲೆಗೆ ಮರಳುವಲ್ಲಿ, ಹೀಗೆ ನಾಲ್ಕು ಕಡೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ ಅದರ ಮೇಲೆ ಅಳೆಯಿರಿ. ಹೊಳೆಯುವ ಹಿತ್ತಾಳೆಯ ಮೇಲೆ ಹಿಡಿದರೆ ಅಂಕಿ ತಪ್ಪುತ್ತದೆ. ಪಂಪು ನಿಮಿಷಕ್ಕೆ 8 ಗ್ಯಾಲನ್ ಓಡಿಸುತ್ತಿದೆ ಎಂದಿಟ್ಟುಕೊಳ್ಳಿ. ಗ್ಯಾಲನ್ ಲೆಕ್ಕವನ್ನು 500ರಿಂದ ಗುಣಿಸಿದರೆ, ದಾರಿಯಲ್ಲಿ ಇಳಿದ ಪ್ರತಿ ಡಿಗ್ರಿಗೆ ಗಂಟೆಗೆ ಎಷ್ಟು ಬಿಟಿಯು (ಶಾಖದ ಅಳತೆ) ಹೋಯಿತೆಂದು ಸಿಗುತ್ತದೆ, ಇಲ್ಲಿ 4,000. ಆರು ತಿಂಗಳ ಚಳಿಗಾಲಕ್ಕೆ ಅದು 1 ಕೋಟಿ 70 ಲಕ್ಷ ಬಿಟಿಯು ದಾಟುತ್ತದೆ. ನಿಮ್ಮ ಈಗಿನ ಒಲೆಯಲ್ಲಿ ಒಂದು ಕಾರ್ಡ್ ಗಟ್ಟಿಮರ ನೀರಿಗೆ ಕೊಡುವ ಶಾಖ ಸುಮಾರು 90 ಲಕ್ಷ. ಅಂದರೆ ದಾರಿಯಲ್ಲಿ ಕಳೆದ ಒಂದೊಂದು ಡಿಗ್ರಿಗೂ ಎರಡೆರಡು ಕಾರ್ಡ್. ಒಳ್ಳೆಯ ಪೈಪಿನಲ್ಲಿ 120 ಅಡಿಗೆ ಒಂದು ಡಿಗ್ರಿಯ ಆಸುಪಾಸು ಇಳಿಯುತ್ತದೆ. ಹೋಗುವಾಗ ಬರುವಾಗ ಸೇರಿ ನಿಮ್ಮದು ಐದು ಇಳಿದಿದ್ದರೂ ನನಗೆ ಆಶ್ಚರ್ಯವಿಲ್ಲ.

ಇದಕ್ಕೆ ತೇಪೆಯಿಲ್ಲ. ನೆಲ ಸಡಿಲವಾದ ಮೇಲೆ, ಮೇ ಜೂನಿನಲ್ಲಿ, ಕಾಲುವೆ ತೋಡಿಸಿ ಹೊಸ ಪೈಪು ಹಾಕಿಸಿ. ಪೈಪಿನ ಸುತ್ತ ಗಟ್ಟಿ ಪಾಲಿಯುರೇಥೇನ್ ಫೋಮ್ ಸಂದಿಲ್ಲದೆ ತುಂಬಿ ಅಂಟಿಕೊಂಡಿರುವಂಥದ್ದೇ ಬೇಕು. ಅಡಿಗೆ ಇಷ್ಟೊಂದು ಬೆಲೆಯೇ ಎನಿಸುತ್ತದೆ, ನಿಜ. ಅಂಗಡಿಯವರು ಹೇಳುವ ಹೊಸ ಒಲೆಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಅದೇ ಹೊತ್ತಿಗೆ ಕಾಯಿಲ್ಲಿನ ರೆಕ್ಕೆಗಳಲ್ಲಿ ಕಟ್ಟಿರುವ ಧೂಳನ್ನೂ ತೆಗೆಸಿ. ಇಷ್ಟು ವರ್ಷದ ಧೂಳು ಕೂತ ಕಾಯಿಲ್‌ಗೆ 170 ಡಿಗ್ರಿಯ ನೀರು ಬಂದರೂ ಗಾಳಿ ಉಗುರುಬೆಚ್ಚಗಷ್ಟೇ ಆಗುತ್ತದೆ.

ಮನೆಯ ಮಾತು. ನೂರೈವತ್ತು ವರ್ಷದ ಆ ಮರದ ಮನೆಗಳ ಗೋಡೆ ಬಹುಮಟ್ಟಿಗೆ ಟೊಳ್ಳು, ಕಂಬಗಳ ನಡುವಿನ ಜಾಗ ನೆಲಮಾಳಿಗೆಯಿಂದ ಅಟ್ಟದವರೆಗೆ ತೆರೆದೇ ಇರುತ್ತದೆ. ಬಿಸಿ ಗಾಳಿ ಅಟ್ಟಕ್ಕೆ ಏರಿ ಹೋಗುತ್ತದೆ, ಅದರ ಜಾಗಕ್ಕೆ ಕಲ್ಲಿನ ಅಡಿಪಾಯದ ಮೇಲಿನ ಸಂದಿನಿಂದ ಹಿಮಗಾಳಿ ನುಗ್ಗುತ್ತದೆ. ಕಿಟಕಿ ಬದಲಿಸಿ ಎಂದು ಹೇಳುವವರು ಬಹಳ ಸಿಗುತ್ತಾರೆ, ಅದು ಕೊನೆಗೆ. ಮೊದಲು ಅಟ್ಟದ ನೆಲದ ಸಂದುಗಳು, ಆಮೇಲೆ ಅಡಿಪಾಯದ ಮೇಲೆ ಕೂತ ತೊಲೆಯ ಸಂದುಗಳು, ಆಮೇಲೆ ಅಟ್ಟಕ್ಕೂ ಗೋಡೆಗೂ ಸೆಲ್ಯುಲೋಸ್ (ಶಾಖ ಹೋಗದಂತೆ ತುಂಬುವ ಕಾಗದದ ನಾರು). ಬಾಗಿಲಿಗೆ ಫ್ಯಾನ್ ಕಟ್ಟಿ ಗಾಳಿ ಎಲ್ಲೆಲ್ಲಿ ಸೋರುತ್ತದೆ ಎಂದು ತೋರಿಸುವ ಪರೀಕ್ಷೆಯಿದೆ. ರಾಜ್ಯದ ಇಂಧನ ಸಂಸ್ಥೆ ನೈಸರ್ಡಾ ಮೂಲಕ ಮನೆಯ ತಪಾಸಣೆ ಮಾಡಿಸಿಕೊಳ್ಳಬಹುದು, ವಿಚಾರಿಸಿ. ಗೋಡೆ ತುಂಬಿಸುವ ಮೊದಲು ಪಿಂಗಾಣಿ ಗುಬ್ಬಿಗಳ ಮೇಲೆ ಎಳೆದ ಹಳೆಯ ವೈರು ಒಳಗಿದೆಯೇ ಎಂದು ಎಲೆಕ್ಟ್ರೀಷಿಯನ್ ನೋಡಲೇಬೇಕು, ಅದರ ಸುತ್ತ ತುಂಬಿಸಿದರೆ ವೈರು ಕಾಯುತ್ತದೆ. ಅಟ್ಟದಲ್ಲಿ ಬೂದುಗಂದು ಬಣ್ಣದ, ಹೊಳೆಯುವ ಹರಳಿನಂಥ ಪುಡಿ ಹರಡಿದ್ದರೆ ಕೆದಕಬೇಡಿ. ಅದು ಹಿಂದೆ ಶಾಖ ತಡೆಯಲು ಹರಡುತ್ತಿದ್ದ ವರ್ಮಿಕ್ಯುಲೈಟ್ ಎಂಬ ಖನಿಜ ಇರಬಹುದು. ಮೊಂಟಾನಾದ ಲಿಬ್ಬಿ ಗಣಿಯಿಂದ 1990ರವರೆಗೆ ಬಂದದ್ದರಲ್ಲಿ ಕಲ್ನಾರು ಸೇರಿತ್ತು.

ನೆಲಮಾಳಿಗೆಯ ಪೈಪು ಹೆಪ್ಪುಗಟ್ಟಿದ್ದೂ ಇದಕ್ಕೆ ಸೇರಿದ್ದೇ. ಮೊದಲು ಎಣ್ಣೆ ಫರ್ನೇಸ್ ಆ ಕೋಣೆಯಲ್ಲೇ ಉರಿಯುತ್ತಿತ್ತು, ಅದರ ಮೈಯಿಂದ ಸೋರಿದ ಬಿಸಿ ನೆಲಮಾಳಿಗೆಯನ್ನು ಕಾಪಾಡುತ್ತಿತ್ತು. ಈಗ ಬೆಂಕಿ 120 ಅಡಿ ಆಚೆ ಹೋಗಿದೆ. ಪೈಪಿಗೆ ಬಟ್ಟೆ ಸುತ್ತುವುದರಿಂದ ಪ್ರಯೋಜನವಿಲ್ಲ, ಶಾಖವೇ ಇಲ್ಲದಲ್ಲಿ ಹೊದಿಕೆ ಏನನ್ನು ಉಳಿಸೀತು? ಮನೆಯಿಂದ ಒಲೆಗೆ ಮರಳುವ ನೀರಿನ ಪೈಪಿಗೆ ಒಂದು ಸಣ್ಣ ರೇಡಿಯೇಟರ್ ಜೋಡಿಸಿ ನೆಲಮಾಳಿಗೆಯನ್ನು 45, 50 ಡಿಗ್ರಿಯಲ್ಲಿ ಇಡಿ. ಜೋಡಿಸುವವರಿಗೆ ಇನ್ನೊಂದು ಕೆಲಸವನ್ನೂ ಹೇಳಿ: ಒಲೆಗೆ ಮರಳುವ ನೀರು 140ಕ್ಕಿಂತ ತಣ್ಣಗಿದ್ದರೆ ಹೊಗೆಯ ತೇವ ಗೋಡೆಗೆ ಕಟ್ಟಿ ಉಕ್ಕನ್ನು ತಿನ್ನುತ್ತದೆ, ಅದನ್ನು ತಡೆಯುವ ಥರ್ಮೋಸ್ಟಾಟಿಕ್ ವಾಲ್ವ್ ಇಲ್ಲದಿದ್ದರೆ ಹಾಕಿಸಿ. ಒಲೆಯ ನೀರಿಗೆ ತುಕ್ಕು ತಡೆಯುವ ಔಷಧ ಹಾಕುವುದು, ವರ್ಷಕ್ಕೊಮ್ಮೆ ಆ ನೀರನ್ನು ಪರೀಕ್ಷೆಗೆ ಕಳಿಸುವುದು ಹಿಂದಿನವರು ಮಾಡಿದ್ದರೋ ಇಲ್ಲವೋ, ನೀವು ಶುರು ಮಾಡಿ. ಗೂಡಿನೊಳಗೆ ಬೂದಿ ಒದ್ದೆಯಾಗಿ ಕಂಡರೆ ಎಲ್ಲೋ ಬೆಸುಗೆ ಬಿಟ್ಟಿರಬಹುದು.

ನಿಮ್ಮ ಒಲೆಗೆ ವಯಸ್ಸಾಗಿದೆ, ಮುಂದೊಂದು ದಿನ ಬದಲಿಸಲೇಬೇಕು. ಆದರೆ ಕಟ್ಟಿಗೆ ಒಣಗಿ, ಪೈಪು ಬದಲಾಗಿ, ಮನೆ ಬಿಗಿಯಾದ ಮೇಲೆ ಬದಲಿಸಿ. ಆಗ ಮನೆಗೆ ಬೇಕಾದ ಶಾಖವನ್ನು ಲೆಕ್ಕ ಹಾಕಿಸಿದರೆ ಈಗಿನದಕ್ಕಿಂತ ಚಿಕ್ಕದೇ ಸಾಕು ಎಂದು ಬರಬಹುದು. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಈ ಒಲೆಗಳಿಗೆ 2015ರಲ್ಲಿ ಹೊಗೆಯ ಮಿತಿ ಹಾಕಿ, 2020ರ ಮೇ ತಿಂಗಳಿಂದ ಅದನ್ನು ಇನ್ನೂ ಬಿಗಿ ಮಾಡಿದೆ. ಹೊಸ ಒಲೆಗಳಲ್ಲಿ ಹೊಗೆಯ ಅನಿಲವನ್ನು ಕಾದ ಇನ್ನೊಂದು ಗೂಡಿಗೆ ಇಳಿಸಿ ಎರಡನೇ ಸಲ ಉರಿಸುತ್ತಾರೆ. ಒಂದು ಕಾರ್ಡ್ ಮಿಶ್ರ ಗಟ್ಟಿಮರದಲ್ಲಿ ಸುಮಾರು 2 ಕೋಟಿ 20 ಲಕ್ಷ ಬಿಟಿಯು ಇದೆ. ನೂರಕ್ಕೆ 40 ಪಾಲು ದಕ್ಕಿಸುವ ಒಲೆಯಲ್ಲಿ ಆ ಕಾರ್ಡ್ ಸುಮಾರು 75 ಗ್ಯಾಲನ್ ಎಣ್ಣೆಯ ಕೆಲಸ ಮಾಡುತ್ತದೆ, 60 ಪಾಲು ದಕ್ಕಿಸುವಲ್ಲಿ 112 ಗ್ಯಾಲನ್. ಅಷ್ಟೇ ಮರ, ಅಷ್ಟೇ ಬೆನ್ನುನೋವು. ಆದರೆ ಈ ಹೊಸ ಒಲೆಗಳು ಹಸಿ ಕಟ್ಟಿಗೆಯನ್ನು ಒಂದು ದಿನವೂ ಸಹಿಸುವುದಿಲ್ಲ. ಕಟ್ಟಿಗೆ ಒಣಗಿಸಲು ಕಲಿಯದೆ ಕೊಂಡವರು ತಿಂಗಳೊಳಗೆ ಒಲೆಯನ್ನು ಬೈಯುತ್ತಾರೆ.

ಪಕ್ಕದ ಮನೆಯವರ ದೂರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಒಲೆಗಳ ಚಿಮಣಿ ಗಿಡ್ಡ, ಹೊಗೆ ತಣ್ಣಗೆ. ಗಾಳಿಯಿಲ್ಲದ ಚಳಿಯ ರಾತ್ರಿ ಕಣಿವೆಯಲ್ಲಿ ಅದು ಏಳದೆ ನೆಲದ ಮೇಲೇ ಹರಡುತ್ತದೆ. ಅದರ ಸಣ್ಣ ಕಣಗಳು ಮಕ್ಕಳ, ಮುದುಕರ, ಹೃದ್ರೋಗಿಗಳ ಎದೆಗೆ ಇಳಿಯುತ್ತವೆ. 2011ರಿಂದ ನ್ಯೂಯಾರ್ಕಿನಲ್ಲಿ ಹೊಸದಾಗಿ ಕೂರಿಸುವ ಮನೆಬಳಕೆಯ ಒಲೆ ಗಡಿಯಿಂದ 100 ಅಡಿ ಒಳಗಿರಬೇಕು, ಚಿಮಣಿ ನೆಲದಿಂದ ಕನಿಷ್ಠ 18 ಅಡಿ ಇರಬೇಕು. ನಿಮ್ಮದು ಅದಕ್ಕಿಂತ ಹಳೆಯದಾದರೂ ಆ ಅಳತೆಯನ್ನೇ ಗುರಿಯಾಗಿಟ್ಟುಕೊಳ್ಳಿ. ಊರೂರಿನ ಟೌನ್‌ಗಳಿಗೆ ತಮ್ಮದೇ ನಿಯಮಗಳೂ ಇರುತ್ತವೆ, ಟೌನ್ ಕಚೇರಿಯಲ್ಲಿ ಕೇಳಿ. ಏನು ಮಾಡಲಿದ್ದೀರಿ ಎಂದು ಪಕ್ಕದವರ ಮನೆಗೆ ಹೋಗಿ ಹೇಳಿ ಬನ್ನಿ. ಅವರೂ ಕಟ್ಟಿಗೆ ಉರಿಸುವವರಾದರೆ ಅವರ ರಾಶಿಯನ್ನು ತೋರಿಸಲು ಕೇಳಿ. ನಾನು ಕಲಿತದ್ದರಲ್ಲಿ ಬಹುಪಾಲು ಹಾಗೆ ಕಲಿತದ್ದು.

ಇನ್ನು ಕರೆಂಟು ಹೋಗುವುದು ಮತ್ತು ಊರಿಗೆ ಹೋಗುವುದು. ಕರೆಂಟಿಲ್ಲದೆ ಪಂಪು ನಿಂತರೆ ಒಲೆಯ ಕಡೆ ನೀರು ಕುದಿಯಬಹುದು, ಮನೆಯ ಕಡೆ ತಣಿಯುತ್ತದೆ. ಊರಿನ ಮನೆಗಳಲ್ಲಿರುವಂಥ ಇನ್ವರ್ಟರ್ ಇಲ್ಲೂ ಸಾಕು. 80 ವಾಟಿನ ಪಂಪನ್ನು 100 ಆಂಪಿಯರ್-ಅವರ್ ಬ್ಯಾಟರಿ, ಅರ್ಧದಷ್ಟೇ ಖಾಲಿ ಮಾಡಿದರೂ, ಏಳು ಗಂಟೆ ಓಡಿಸುತ್ತದೆ. ಅದಕ್ಕಿಂತ ಹೆಚ್ಚು ಹೊತ್ತಿಗೆ ಸಣ್ಣ ಜನರೇಟರ್. ನೀರು ಬತ್ತಿ ಒಲೆ ಬರಿದೇ ಕಾದಿದ್ದರೆ ಮೇಲಿಂದ ತಣ್ಣೀರು ಸುರಿಯಬೇಡಿ, ಪೂರ್ತಿ ಆರಲು ಬಿಡಿ.

ಡಿಸೆಂಬರಿನ ಮೂರು ವಾರಕ್ಕೆ ಯಾರನ್ನೋ ಬೆಂಕಿ ಹಾಕಲು ಒಪ್ಪಿಸಬೇಡಿ, ಅದು ಇನ್ನೊಬ್ಬರ ಮೇಲೆ ಹೊರಿಸುವ ಕೆಲಸವಲ್ಲ. ಎಣ್ಣೆ ಫರ್ನೇಸನ್ನು ನವೆಂಬರಿನಲ್ಲಿ ಸರ್ವಿಸ್ ಮಾಡಿಸಿ, ಟ್ಯಾಂಕ್ ತುಂಬಿಸಿ. ಹೊರಡುವ ಎರಡು ದಿನ ಮೊದಲು ಒಲೆಯನ್ನು ಆರಲು ಬಿಟ್ಟು, ಬೂದಿ ತೆಗೆದು, ಥರ್ಮೋಸ್ಟಾಟ್ 55ಕ್ಕೆ ಇಟ್ಟು, ಒಲೆಯ ನೀರನ್ನು ತಿರುಗಿಸುವ ಪಂಪನ್ನು ಮಾತ್ರ ಓಡುತ್ತಿರಲು ಬಿಡಿ. ಫರ್ನೇಸಿನ ಬಿಸಿ ಗಾಳಿ ಆ ಕಾಯಿಲ್ಲಿನ ಮೇಲೇ ಹಾದುಹೋಗುವುದರಿಂದ ಈಗ ಶಾಖ ತಿರುಗುಮುರುಗಾಗಿ ಹರಿದು, ಅಂಗಳದ ಒಲೆಯ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಸ್ವಲ್ಪ ಎಣ್ಣೆ ಹೆಚ್ಚು ಖರ್ಚಾಗುತ್ತದೆ, ಆಗಲಿ. ಹಳೆಯ ಪೈಪು ಇನ್ನೂ ಬದಲಾಗದಿದ್ದರೆ ಮಾತ್ರ ಇದನ್ನು ನೆಚ್ಚಬೇಡಿ. ಆಗ ಒಲೆಯ ನೀರಿಗೆ ಹೆಪ್ಪುಗಟ್ಟುವುದನ್ನು ತಡೆಯುವ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಬೇಕಾಗುತ್ತದೆ. ಕುಡಿಯುವ ನೀರಿನ ಮುಖ್ಯ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪು ಬರಿದು ಮಾಡಿ. ಮನೆ ವಿಮೆಯವರಿಗೆ ಈ ಒಲೆ ಇರುವುದನ್ನೂ ಮನೆ ಮೂರು ವಾರ ಖಾಲಿಯಿರುವುದನ್ನೂ ಬರೆದು ತಿಳಿಸಿ. ಫೋನಿಗೆ ಮನೆಯ ಉಷ್ಣತೆ ತಿಳಿಸುವ ಸಣ್ಣ ಸಾಧನವೊಂದನ್ನು ನೆಲಮಾಳಿಗೆಯಲ್ಲಿಟ್ಟು, ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿ.

ಪೈಪಿನ ನಾಲ್ಕು ಕಡೆಯ ಅಂಕಿಗಳನ್ನೂ, ಸೀಳಿದ ಮೂರು ತುಂಡುಗಳ ತೇವವನ್ನೂ ಅಳೆದು ಬರೆದು ಕಳಿಸಿ. ಕಾಲುವೆಗೆ ಎಷ್ಟು ದಪ್ಪದ ಪೈಪು ಹಾಕಿಸಬೇಕೆಂದು ಅದನ್ನು ನೋಡಿ ಹೇಳುತ್ತೇನೆ.